ಆರೈಕೆಯ ಕೋರ್ಸ್: ಹಣ ಕಟ್ಟುವ ಮೊದಲು

(ಮಹಿಳಾ ವಿಭಾಗದ ಆನ್‌ಲೈನ್ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇವತ್ತಿನ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಕಳೆದ ತಿಂಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಜಾಹೀರಾತು ಓಡಾಡಿತು, ನೀವೂ ನೋಡಿರುತ್ತೀರಿ. 'ಹೆಲ್ತ್‌ಕೇರ್ ಕೇರ್ ಮ್ಯಾನೇಜ್‌ಮೆಂಟ್', 6 ವಾರದ ಆನ್‌ಲೈನ್ ಕೋರ್ಸ್, 38,000 ರೂಪಾಯಿ. ಇವತ್ತು ರಾತ್ರಿಯೊಳಗೆ ಕಟ್ಟಿದರೆ ಅರ್ಧ ಬೆಲೆ. ಅಂತಾರಾಷ್ಟ್ರೀಯ ಸರ್ಟಿಫಿಕೇಟ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ. ಆ ವಾರ ನನಗೆ ಐದು ಫೋನ್ ಬಂದವು. "ಸಿಸ್ಟರ್, ಸೇರಬಹುದಾ?"

ಐದು ಮಂದಿಗೂ ನಾನು ಕೇಳಿದ್ದು ಒಂದೇ ಮಾತು: ಕಲಿತು ಏನು ಮಾಡಬೇಕು ಅಂತಿದ್ದೀರಿ? ಒಬ್ಬರ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಇನ್ನೊಬ್ಬರ ಅಪ್ಪ ಕುಂದಾಪುರದ ಹತ್ತಿರ ಒಬ್ಬರೇ ಇದ್ದಾರೆ, ಇವರು ಡೊಂಬಿವಲಿಯಿಂದ ಫೋನಿನಲ್ಲೇ ಎಲ್ಲ ನೋಡಿಕೊಳ್ಳಬೇಕು. ಮತ್ತೊಬ್ಬರಿಗೆ ಮಕ್ಕಳು ದೊಡ್ಡವರಾದರು, ಆಸ್ಪತ್ರೆಯಲ್ಲಿ ಏನಾದರೂ ಕೆಲಸ ಹಿಡಿಯುವ ಆಸೆ. ನಾಲ್ಕನೆಯವಳು ನರ್ಸಿಂಗ್ ಓದಿದ ಹುಡುಗಿ, ವಾರ್ಡಿನಿಂದ ಮೇಲೆ ಹೋಗಬೇಕು. ಐದನೆಯವರಿಗೆ ಏನು ಬೇಕೆಂದು ಇನ್ನೂ ಗೊತ್ತಿರಲಿಲ್ಲ, ಅರ್ಧ ಬೆಲೆ ಅಂತ ಕೇಳಿದ್ದರು. ಈ ಐವರಿಗೂ ಒಂದೇ ಕೋರ್ಸ್ ಸರಿಹೋದೀತೇ? ಒಂದೇ ಅಳತೆಯ ರವಿಕೆ ಹೊಲಿದು ಐದು ಜನರಿಗೆ ಹಂಚಿದ ಹಾಗಾಗುತ್ತದೆ.

ನನ್ನ ಬಗ್ಗೆ ಒಂದೇ ಸಾಲು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ 29 ವರ್ಷ ಸಿಸ್ಟರ್ ಆಗಿದ್ದೆ. ಕೊನೆಯ ಏಳು ವರ್ಷ ಡಿಸ್ಚಾರ್ಜ್ ಆಗಿ ಮನೆಗೆ ಹೊರಟವರ ಮನೆಮಂದಿಗೆ ಎಲ್ಲವನ್ನೂ ತಿಳಿಸಿ ಹೇಳುವ ಕೆಲಸ. ಇಲ್ಲಿ ಹೇಳುವುದೆಲ್ಲ ಆ ಮೇಜಿನ ಹಿಂದಿನಿಂದ ಕಂಡದ್ದು.

ಮೊದಲು ಈ ಹೆಸರನ್ನೇ ನೋಡೋಣ. ಕೇರ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಜಾಹೀರಾತಿನವರು ಇದನ್ನು ಬಿಡಿಸಿ ಹೇಳುವುದಿಲ್ಲ, ಹೇಳಿದರೆ ಗಿರಾಕಿ ಕಡಿಮೆಯಾಗುತ್ತಾರೆ.

ಒಂದು, ಅಮೆರಿಕದ ಕೆಲಸ. ಅಲ್ಲಿ ಹಿರಿಯರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ ಇರುವ ರೋಗಿಯನ್ನು ತಿಂಗಳಿಗೆ ಕನಿಷ್ಠ 20 ನಿಮಿಷ ಫೋನು, ಕಾಗದಪತ್ರದ ಮೂಲಕ ಗಮನಿಸಿಕೊಂಡರೆ ಅದಕ್ಕೂ 2015ರಿಂದ ವೈದ್ಯರಿಗೆ ಹಣ ಸಿಗುತ್ತದೆ. ಅಮೆರಿಕದ ಆಸ್ಪತ್ರೆ, ವಿಮೆಗಳ ಕಚೇರಿ ಕೆಲಸದ ಒಂದು ಪಾಲು ಹೈದರಾಬಾದ್, ಚೆನ್ನೈ, ಪುಣೆ, ನಮ್ಮ ಮುಂಬಯಿಯ ಕಂಪನಿಗಳಲ್ಲಿ ನಡೆಯುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುವ, ರಾತ್ರಿ ಪಾಳಿ ಮಾಡಬಲ್ಲವರಿಗೆ ಒಳ್ಳೆಯ ಕೆಲಸವೇ. ದೊಡ್ಡ ಅಂತಾರಾಷ್ಟ್ರೀಯ ತಾಣಗಳಲ್ಲಿ ಕಾಣುವ ಕೇರ್ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳಲ್ಲಿ ಬಹಳಷ್ಟು ಈ ಲೋಕಕ್ಕಾಗಿ ಬರೆದವು. ಅಲ್ಲಿನ ವಿಮೆ, ಅಲ್ಲಿನ ಕಾನೂನು, ಅಲ್ಲಿನ ನರ್ಸಿಂಗ್ ಹೋಮ್. ಅತ್ತೆಯನ್ನು ನೋಡಿಕೊಳ್ಳುವವರು ಇದನ್ನು ತೆಗೆದುಕೊಂಡರೆ ಎರಡನೇ ವಾರಕ್ಕೇ ಬೇಸತ್ತು ಬಿಡುತ್ತಾರೆ. ಇನ್ನೊಂದು ಮಾತು: ಅಮೆರಿಕದಲ್ಲಿ 'ಸರ್ಟಿಫೈಡ್ ಕೇಸ್ ಮ್ಯಾನೇಜರ್' ಎಂಬ ಹೆಸರಾಂತ ಪರೀಕ್ಷೆ ಇದೆ, ಅದನ್ನು ನಡೆಸುವ ಮಂಡಳಿ 1992ರಿಂದ ಇದೆ. ಆ ಪರೀಕ್ಷೆಗೆ ಕೂರಲು ತಕ್ಕ ಪರವಾನಗಿ ಅಥವಾ ಪದವಿ ಬೇಕು, ಜೊತೆಗೆ ಆ ಕೆಲಸದಲ್ಲಿ ಅನುಭವವೂ ಬೇಕು. 6 ವಾರದ ವಿಡಿಯೋ ನೋಡಿದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಯಾರಾದರೂ ತೆರೆಯುತ್ತದೆ ಎಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ಎರಡನೆಯದು ಆಸ್ಪತ್ರೆಯ ಒಳಗಿನ ಕೆಲಸ. ಪೇಶೆಂಟ್ ಕೋಆರ್ಡಿನೇಟರ್, ಡಿಸ್ಚಾರ್ಜ್ ವ್ಯವಸ್ಥೆ, ಟಿಪಿಎ ಡೆಸ್ಕ್, ಮೆಡಿಕಲ್ ಸೋಶಿಯಲ್ ವರ್ಕರ್. ಇದು ವಿದೇಶದಿಂದ ನಿನ್ನೆ ಬಂದ ಫ್ಯಾಷನ್ ಏನಲ್ಲ. ನಮ್ಮ ಊರಿನ ಜೆ.ಜೆ. ಆಸ್ಪತ್ರೆಯಲ್ಲಿ 1946ರಲ್ಲೇ ದೇಶದ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕ ಆಗಿತ್ತು. ರೋಗಿ ವಾಸಿಯಾದ ಮೇಲೆ ಎಲ್ಲಿಗೆ ಹೋಗುತ್ತಾನೆ, ಯಾರು ನೋಡಿಕೊಳ್ಳುತ್ತಾರೆ, ಹಣ ಎಲ್ಲಿಂದ ಬರುತ್ತದೆ ಎಂದು ಆಗಲೇ ಯೋಚಿಸಿದ್ದರು.

ಮೂರನೆಯದು ಮನೆ. ಮನೆ ಆರೈಕೆಯ ಕಂಪನಿಗಳಲ್ಲಿ ಕೇರ್ ಮ್ಯಾನೇಜರ್ ಎಂಬ ಹುದ್ದೆಯೇ ಇದೆ. ಆದರೆ ಸಂಬಳವಿಲ್ಲದೆ ಆ ಹುದ್ದೆಯಲ್ಲಿರುವವರು ಈ ಪರದೆಯ ಮೇಲೆಯೇ ಎಷ್ಟೊಂದು ಜನ ಇದ್ದೀರಿ! (ಗಂಡಸರಿಗೂ ಕಲಿಸಬೇಕು. ಮಗನನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೋರ್ಸ್ ನೋಡಿ, ಅದಕ್ಕೆ ಬೇರೆ ಶುಲ್ಕವಿಲ್ಲ.)

ಈಗ ಈ ಮನೆಯ ಕೆಲಸದಲ್ಲಿ ನಿಜವಾಗಿ ಏನಿದೆ ನೋಡೋಣ. ಹೆಸರು ಬೇಡ, ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 76 ವರ್ಷದ ಯಜಮಾನರು, ಪಾರ್ಶ್ವವಾಯು ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬರುತ್ತಿದ್ದಾರೆ. ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಎಡಗೈ ಎಡಗಾಲು ಸೋತಿವೆ, ನುಂಗುವುದು ಕಷ್ಟ. ಸೊಸೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಬ್ಯೂರೋದಿಂದ ಹನ್ನೆರಡು ಗಂಟೆಯ ಮಾವಶಿಯನ್ನು ಗೊತ್ತು ಮಾಡಿದ್ದಾರೆ. ಕೈಯಲ್ಲಿ ಡಿಸ್ಚಾರ್ಜ್ ಕಾರ್ಡು, ಒಂಬತ್ತು ಬಗೆಯ ಮಾತ್ರೆ.

ಇಲ್ಲಿ ಮೊದಲ ಕೆಲಸ ಮಾತ್ರೆಯ ಲೆಕ್ಕ. ಮನೆಯಲ್ಲಿ ಮೊದಲಿನಿಂದ ನುಂಗುತ್ತಿದ್ದ ಮಾತ್ರೆ ಎಷ್ಟು, ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿಸಿದ್ದು ಎಷ್ಟು, ನಿಲ್ಲಿಸಿದ್ದು ಯಾವುದು ಎಂದು ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡುವುದು. ಒಂದೇ ಔಷಧಿ ಎರಡು ಕಂಪನಿಯ ಎರಡು ಹೆಸರಿನಲ್ಲಿ ಡಬ್ಬಿಯಲ್ಲಿ ಕುಳಿತಿರುವುದನ್ನು ನನ್ನ ಮೇಜಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಬಿ.ಪಿ. ಮಾತ್ರೆ ಹೀಗೆ ಎರಡು ಪಟ್ಟು ಹೋದರೆ ಮುದುಕರು ಬೆಳಗ್ಗೆ ಬಚ್ಚಲುಮನೆಗೆ ಎದ್ದು ಹೋಗುವಾಗ ತಲೆ ತಿರುಗಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಅಪಾಯ ತಪ್ಪಿಸಲು ಜಗತ್ತಿನಾದ್ಯಂತ ಒಂದು ಅಭಿಯಾನವನ್ನೇ ಶುರು ಮಾಡಿತು. ಆಸ್ಪತ್ರೆಯಿಂದ ಮನೆಗೆ ಬರುವ ಘಳಿಗೆ ಅದರಲ್ಲಿ ಮುಖ್ಯವಾದದ್ದು. ಆದ್ದರಿಂದ ನೀವು ನೋಡುತ್ತಿರುವ ಕೋರ್ಸಿನ ಪಠ್ಯಕ್ರಮದಲ್ಲಿ ಔಷಧಿ ಪಟ್ಟಿ ಹೊಂದಿಸುವ ಪಾಠ ಇದೆಯೇ ಎಂದು ಮೊದಲು ಹುಡುಕಿ. ಅದಿಲ್ಲದ ಕೇರ್ ಮ್ಯಾನೇಜ್‌ಮೆಂಟ್ ಉಪ್ಪಿಲ್ಲದ ಸಾರು.

ಎರಡನೆಯದು ಮಾತು. ವೈದ್ಯರಿಗೆ ಫೋನ್ ಮಾಡಿ "ಡಾಕ್ಟ್ರೇ, ಅಪ್ಪ ಯಾಕೋ ಸರಿಯಿಲ್ಲ, ಒಂಥರಾ ಮಾಡ್ತಾರೆ" ಎಂದರೆ ಆ ಕಡೆಯವರಿಗೆ ಏನು ತಿಳಿದೀತು? ಅದನ್ನೇ ಹೀಗೆ ಹೇಳಿ: "ಡಾಕ್ಟ್ರೇ, ಹತ್ತು ದಿನದ ಹಿಂದೆ ಸ್ಟ್ರೋಕ್ ಆಗಿ ಡಿಸ್ಚಾರ್ಜ್ ಆದ 76 ವರ್ಷದವರ ಸೊಸೆ ಮಾತಾಡ್ತಿದ್ದೇನೆ. ನಿನ್ನೆ ರಾತ್ರಿಯಿಂದ ಜ್ವರ, 101 ಇದೆ. ಬೆಳಗ್ಗೆಯಿಂದ ಊಟ ಮಾಡಿಸುವಾಗ ಕೆಮ್ಮುತ್ತಾರೆ, ನಿದ್ದೆ ಜಾಸ್ತಿ. ಊಟ ಶ್ವಾಸನಾಳಕ್ಕೆ ಹೋಗಿದೆಯೇನೋ ಅಂತ ಭಯ. ಈಗಲೇ ಕರೆದುಕೊಂಡು ಬರಲೇ?" ಅರ್ಧ ನಿಮಿಷದ ಮಾತು. ಈಗ ಏನಾಗಿದೆ, ಹಿಂದಿನ ಕತೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿಸಿ ಇದಕ್ಕೆ ಎಸ್‌ಬಿಎಆರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ಇಂಥದ್ದನ್ನು ಆನ್‌ಲೈನಿನಲ್ಲಿ ಬಹಳ ಚೆನ್ನಾಗಿ ಕಲಿಯಬಹುದು.

ಇದರ ಜೋಡಿಯೇ ಇನ್ನೊಂದು: ತಿರುಗಿ ಹೇಳಿಸುವುದು. ನಮ್ಮ ಹಿರಿಯರಿಗೆ ಡಾಕ್ಟರು "ಅರ್ಥವಾಯಿತಾ?" ಎಂದು ಕೇಳಿದರೆ "ಹೂಂ" ಎನ್ನುತ್ತಾರೆ. ಆ ಹೂಂ ಮರ್ಯಾದೆಯ ಹೂಂ, ಅರ್ಥವಾದ ಹೂಂ ಎಂದು ನಂಬಬೇಡಿ. "ಮಾವ, ಸಂಜೆ ಅತ್ತೆ ಕೇಳಿದರೆ ಯಾವ ಮಾತ್ರೆ ಯಾವಾಗ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿ ನೋಡಿ. ಮಾವಶಿಗೂ ಹಾಗೇ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಹೇಳಿದರೆ ಸಾಲದು, ಅವಳ ಬಾಯಿಂದ ಕೇಳಿ, ಮಾಡಿಸಿ ನೋಡಿ, ಗೋಡೆಗೆ ಒಂದು ಕಾಗದ ಅಂಟಿಸಿ ಗಂಟೆ ಗುರುತು ಹಾಕಿಸಿ.

ಇನ್ನು ಆನ್‌ಲೈನಿನಲ್ಲಿ ಕಲಿಯಲಾಗದ್ದು. ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದು, ಕಫ ಎಳೆಯುವುದು, ಎದೆ ಒತ್ತಿ ಜೀವ ಉಳಿಸುವುದು. ಇವುಗಳ ವಿಡಿಯೋ ನೋಡುವುದು ಈಜಿನ ವಿಡಿಯೋ ನೋಡಿದ ಹಾಗೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ತರಬೇತಿಯಲ್ಲೂ ಪಾಠದ ಭಾಗ ಆನ್‌ಲೈನಿನಲ್ಲಿ ಆಗಬಹುದು, ಆದರೆ ಬೊಂಬೆಯ ಮೇಲೆ ಕೈಯಾರೆ ಮಾಡಿ ತೋರಿಸದೆ ಕಾರ್ಡು ಕೊಡುವುದಿಲ್ಲ. ಆದ್ದರಿಂದ ರೋಗಿಯನ್ನು ಮುಟ್ಟಿ ಮಾಡುವ ಕೆಲಸವನ್ನು ಪೂರ್ತಿ ಆನ್‌ಲೈನಿನಲ್ಲೇ ಕಲಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಆಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದೆ ಯಾರೂ ನರ್ಸ್ ಆಗುವುದಿಲ್ಲ. ಮನೆಯಲ್ಲಿ ರೋಗಿ ಇದ್ದರೆ ಡಿಸ್ಚಾರ್ಜಿನ ಹಿಂದಿನ ದಿನವೇ ವಾರ್ಡಿನ ಸಿಸ್ಟರ್ ಹತ್ತಿರ, ಫಿಸಿಯೋ ಹತ್ತಿರ ನಿಂತು ನಿಮ್ಮ ಕೈಯಿಂದ ಎರಡು ಸಲ ಮಾಡಿಸಿಕೊಳ್ಳಿ. ಸಂಕೋಚ ಬೇಡ, ಅದು ನಮ್ಮ ಕೆಲಸ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶುರುವಾದ ನೂರಾ ಹೆಲ್ತ್ ಎಂಬ ಸಂಸ್ಥೆ ಇದನ್ನೇ ಒಂದು ಕ್ರಮವಾಗಿ ಬೆಳೆಸಿದೆ. ವಾರ್ಡಿನಲ್ಲಿ ಕಾಯುತ್ತ ಕುಳಿತ ಮನೆಮಂದಿಗೇ ಪಾಠ, ಕೈಯಲ್ಲಿ ಮಾಡಿಸಿ ಕಲಿಸುವುದು, ಆಮೇಲೆ ವಾಟ್ಸಾಪ್‌ನಲ್ಲಿ ಮುಂದುವರಿಸುವುದು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ಅವರ ಕೆಲಸ ನಡೆದಿದೆ.

ಹಾಗಾದರೆ ಎಲ್ಲಿ ಹುಡುಕಬೇಕು? ಮರೆವಿನ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 'ಐಸಪೋರ್ಟ್' ನೋಡಿ. 2019ರಲ್ಲಿ ಬಿಡುಗಡೆಯಾದದ್ದು, ಮನೆಮಂದಿಗಾಗಿಯೇ ಬರೆದದ್ದು, ಉಚಿತ. ಭಾರತದ ಮನೆಗಳಿಗೆ ಅದನ್ನು ಹೊಂದಿಸುವ ಕೆಲಸದಲ್ಲಿ ನಮ್ಮ ನಿಮ್ಹಾನ್ಸ್ ಇತ್ತು. ಸ್ನಾನ, ಊಟ, ರಾತ್ರಿ ಎದ್ದು ಓಡಾಡುವುದು, ಸಿಟ್ಟು, ಅನುಮಾನ ಎಲ್ಲದಕ್ಕೂ ಸಣ್ಣ ಸಣ್ಣ ಪಾಠ. ನೋಡಿಕೊಳ್ಳುವವರು ತಮ್ಮನ್ನು ತಾವು ನೋಡಿಕೊಳ್ಳುವುದಕ್ಕೂ ಒಂದು ಭಾಗ ಇದೆ, ನನಗೆ ಅದೇ ಹೆಚ್ಚು ಮೆಚ್ಚುಗೆಯಾದದ್ದು. ಆ ಭಾಗ ಸಾಲದಷ್ಟು ಮನಸ್ಸು ಕುಗ್ಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ. ವಾಸಿಯಾಗದ ಕಾಯಿಲೆಯವರ ಉಪಶಮನ ಆರೈಕೆಗೆ ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಆನ್‌ಲೈನ್ ಪಾಠಗಳನ್ನು ನಡೆಸುತ್ತದೆ. ಡಾ. ಎಂ.ಆರ್. ರಾಜಗೋಪಾಲ್ ಅವರು ಕಟ್ಟಿದ ಸಂಸ್ಥೆ. ನರ್ಸಿಂಗ್ ಓದಿದ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ಆ ಕೌಶಲವಿರುವ ಸಿಸ್ಟರ್‌ಗಳು ನಮ್ಮಲ್ಲಿ ಇನ್ನೂ ಬಹಳ ಕಡಿಮೆ.

ಕೇಂದ್ರ ಸರ್ಕಾರದ ಸ್ವಯಂ ತಾಣ 2017ರಿಂದ ಇದೆ. ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸುತ್ತು. ಪಾಠ ಕೇಳಲು ಹಣವಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಹಾಗೆ ಹೋಗಿ ಬರೆಯುವುದರಿಂದಲೇ ಆ ಸರ್ಟಿಫಿಕೇಟ್‌ಗೆ ಬೆಲೆ. ಆಸ್ಪತ್ರೆ ನಿರ್ವಹಣೆ, ಸಾರ್ವಜನಿಕ ಆರೋಗ್ಯದಂಥ ವಿಷಯ ಹುಡುಕುವವರು ಅಲ್ಲಿಂದ ಶುರು ಮಾಡಿ. ಇಗ್ನೋದಲ್ಲಿ ಹಿರಿಯರ ಆರೈಕೆ ಸಹಾಯಕರು, ಮನೆ ಆರೈಕೆ ಸಹಾಯಕರು ಆಗುವವರಿಗೆ ಸರ್ಟಿಫಿಕೇಟ್ ಕೋರ್ಸ್‌ಗಳಿವೆ. ಅವುಗಳಲ್ಲಿ ಕೈಕೆಲಸದ ತರಬೇತಿಗೂ ಹೋಗಬೇಕು. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಹೋಮ್ ಹೆಲ್ತ್ ಏಡ್, ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೂಡ ಅಂಥವೇ. ಕೆಲಸ ಬೇಕೆನ್ನುವವರಿಗೆ ನನ್ನ ಒಲವು ಈ ಕಡೆಗೆ.

ಕೋರ್ಸೆರಾದಂಥ ತಾಣಗಳಲ್ಲೂ ಒಳ್ಳೆಯ ಪಾಠಗಳಿವೆ, ಬೇಡ ಎನ್ನುವುದಿಲ್ಲ. ಹಣಕಾಸಿನ ನೆರವಿಗೆ ಅರ್ಜಿ ಹಾಕುವ ದಾರಿಯೂ ಅಲ್ಲಿದೆ, ನಮ್ಮವರು ಅದನ್ನು ಬಳಸುವುದೇ ಇಲ್ಲ. ಮೊದಲ ಕೆಲವು ದಿನ ಉಚಿತ ಅಂತ ಕಾರ್ಡಿನ ನಂಬರು ಕೊಟ್ಟು ಮರೆತರೆ ತಿಂಗಳು ತಿಂಗಳು ಹಣ ಹೋಗುತ್ತಿರುತ್ತದೆ. ಆ ದಿನವನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಮಾಡಿಕೊಳ್ಳಿ.

ಯಾವ ಕೋರ್ಸ್ ಆದರೂ ಹಣ ಕಟ್ಟುವ ಮೊದಲು ಅರ್ಧ ಗಂಟೆ ಕೊಡಿ. ಮೊದಲ ವಾರದ ಪಾಠ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ, ಅದು ಅಂಗಡಿಯ ಮುಂದಿನ ಗಾಜಿನ ಕಪಾಟು. ಮೂರನೇ, ನಾಲ್ಕನೇ ವಾರದಲ್ಲಿ ಏನಿದೆ ನೋಡಿ. ಕೊನೆಯಲ್ಲಿ ನಿಮ್ಮಿಂದ ಏನು ಬರೆಸುತ್ತಾರೆ ನೋಡಿ. ಬರೀ ಸರಿ ತಪ್ಪು ಗುರುತು ಹಾಕುವ ಪ್ರಶ್ನೆಗಳೋ, ಅಥವಾ ಒಬ್ಬ ರೋಗಿಯ ಆರೈಕೆಯ ಯೋಜನೆಯನ್ನು ನೀವೇ ಬರೆದು ಕೊಟ್ಟು, ಅದನ್ನು ಒಬ್ಬರು ಓದಿ ತಿದ್ದುತ್ತಾರೋ? ತಿದ್ದುವವರಿದ್ದರೆ ಹಣ ಕೊಡಲು ಅರ್ಥವಿದೆ. ಇಲ್ಲದಿದ್ದರೆ ಅದು ಯೂಟ್ಯೂಬಿಗೆ ಹಣ ಕೊಟ್ಟಂತೆ. ಕಲಿಸುವವರು ವಾರ್ಡಿನಲ್ಲಿ ಕೆಲಸ ಮಾಡಿದವರೋ ಎಂದೂ ನೋಡಿ. ಮತ್ತೆ, ಕೆಲಸಕ್ಕಾಗಿ ಓದುವವರು ಒಂದು ಫೋನ್ ಮಾಡಲೇಬೇಕು, ಕೋರ್ಸ್ ಮಾರುವವರಿಗಲ್ಲ, ನೀವು ಕೆಲಸಕ್ಕೆ ಸೇರಬೇಕೆಂದಿರುವ ಆಸ್ಪತ್ರೆಯ ಎಚ್.ಆರ್. ವಿಭಾಗಕ್ಕೆ. "ಈ ಸರ್ಟಿಫಿಕೇಟ್ ಇದ್ದರೆ ನಿಮ್ಮಲ್ಲಿ ಲೆಕ್ಕಕ್ಕಿದೆಯೇ?" ಮೂರು ಕಡೆ ಕೇಳಿ. ಮಕ್ಕಳು ದೊಡ್ಡವರಾದ ನಮ್ಮ ಆ ಅಕ್ಕ ಹಾಗೇ ಕೇಳಿದರು. ಎರಡು ಕಡೆ ಕೋರ್ಸಿನ ಹೆಸರೇ ಕೇಳಿಲ್ಲ ಎಂದರು. ಮೂರನೆಯ ಕಡೆ, ಪದವಿ ಇದೆ, ಮರಾಠಿ, ಹಿಂದಿ, ಕನ್ನಡ, ತುಳು ನಾಲ್ಕೂ ಬರುತ್ತದೆ, ಕಂಪ್ಯೂಟರ್ ಬರುತ್ತದೆ ಎಂದ ಮೇಲೆ ಕೋರ್ಸಿನ ಮಾತೇ ಎತ್ತದೆ ಪೇಶೆಂಟ್ ಕೋಆರ್ಡಿನೇಟರ್ ಕೆಲಸಕ್ಕೆ ಸಂದರ್ಶನಕ್ಕೆ ಕರೆದರು. 38,000 ಉಳಿಯಿತು.

ವಿದೇಶದ ಕೋರ್ಸ್ ಕಲಿಸದ, ಆದರೆ ನಮಗೆ ಇಲ್ಲಿ ದಿನಾ ಬೇಕಾದ ಕೆಲವು ವಿಷಯಗಳಿವೆ. ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮಗಳಲ್ಲೇ ಇದೆ. ನಗದುರಹಿತ ವಿಮೆಯಲ್ಲಿ ಆಸ್ಪತ್ರೆಯಿಂದ ಡಿಸ್ಚಾರ್ಜಿನ ಕೋರಿಕೆ ಬಂದ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಸೌಲಭ್ಯ ಅದೇ ವರ್ಷ ಬಂತು. ಹಿರಿಯರ ಸಹಾಯವಾಣಿ 14567. ಕುಂದಾಪುರದ ಅಪ್ಪನನ್ನು ಇಲ್ಲಿಂದ ನೋಡಿಕೊಳ್ಳುವ ಮಗಳಿಗೆ ನಾನು ಯಾವ ಕೋರ್ಸನ್ನೂ ಹೇಳಲಿಲ್ಲ. ಇವುಗಳ ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಮಾತ್ರೆಯ ಪಟ್ಟಿ, ಬಿ.ಪಿ., ಸಕ್ಕರೆಯ ಲೆಕ್ಕ, ಪಕ್ಕದ ಮನೆಯವರ ನಂಬರು, ಆಟೋದವರ ನಂಬರು, ಊರಿನ ಡಾಕ್ಟರು ಯಾವ ದಿನ ಇರುವುದಿಲ್ಲ ಎಂಬುದು. ಎರಡು ತಿಂಗಳು ಬರೆದ ಮೇಲೆ ತನಗೆ ಏನು ತಿಳಿಯದು ಎಂದು ಅವರಿಗೇ ಗೊತ್ತಾಗುತ್ತದೆ, ಕೋರ್ಸ್ ಹುಡುಕುವುದು ಆಗ.

ಇಂಗ್ಲಿಷ್ ಕಷ್ಟ ಎಂದು ಹಿಂಜರಿಯುವವರಿಗೆ: ವಿಡಿಯೋದ ವೇಗ ಕಡಿಮೆ ಮಾಡಿ, ಕೆಳಗೆ ಅಕ್ಷರ ಬರುವ ಹಾಗೆ ಇಟ್ಟುಕೊಳ್ಳಿ, ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ. ಸಂಜೆ ಆ ಪಾಠವನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ. ಎಲ್ಲಿ ತಡವರಿಸುತ್ತೀರೋ ಅದನ್ನು ಮಾತ್ರ ಮತ್ತೆ ನೋಡಿ.

ಕಾರ್ಯದರ್ಶಿಯವರೊಡನೆ ಮಾತಾಡಿದ್ದೇನೆ. ಮುಂದಿನ ತಿಂಗಳಿನಿಂದ ಶನಿವಾರ ಸಂಜೆ ನಾಲ್ಕಕ್ಕೆ ಐಸಪೋರ್ಟ್ ಪಾಠಗಳನ್ನು ನಾವೇ ಕೆಲವರು ಒಟ್ಟಿಗೆ ಕುಳಿತು ಓದುತ್ತೇವೆ, ಒಬ್ಬರು ಓದಿ ಕನ್ನಡದಲ್ಲಿ ಹೇಳುವುದು, ಉಳಿದವರು ಕೇಳಿ ತಮ್ಮ ಮನೆಯ ಸಂಗತಿ ಸೇರಿಸುವುದು. ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಬೇಡ. ಬರುವವರು ಮನೆಯಲ್ಲಿರುವ ಒಂದು ಹಳೆಯ ಡಿಸ್ಚಾರ್ಜ್ ಕಾರ್ಡನ್ನು ಎದುರಿಗೆ ಇಟ್ಟುಕೊಂಡು ಕುಳಿತುಕೊಳ್ಳಿ, ಹೆಸರಿರುವ ಕಡೆ ಕಾಗದ ಅಂಟಿಸಿ. ಮೊದಲ ಶನಿವಾರ ಅದನ್ನು ಓದುವುದನ್ನೇ ಕಲಿಯೋಣ. ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಮ್ಯೂಟ್ ತೆಗೆದು ಕೇಳಿ.